ಎರಡು ಚೊಂಬು ನೀರು

ಹದಿನಾಲ್ಕು ವರ್ಷದಿಂದ ನಾನು ಒಂದು ಮಾತನ್ನು ಮನೆಮನೆಗೆ ಹೊತ್ತು ತಿರುಗಿದ್ದೇನೆ. ಬಸುರಿಯ ಕೈಗೆ ಐರನ್ ಮಾತ್ರೆಯ ಶೀಟು ಕೊಟ್ಟು, "ಇದ ತಕಂಡ್ರೆ ಕಪ್ಪಗೆ ಓಯ್ತದೆ, ಎದ್ರುಕಬ್ಯಾಡ ಕಣವ್ವ" ಅನ್ನುವ ಮಾತು. ಹಲಗೂರಿನಿಂದ ನಾಲ್ಕು ಕಿಲೋಮೀಟರ್ ಒಳಗಿರುವ ನಮ್ಮೂರಿಗೆ ನಾನು, ಸುನಂದ, ಆಶಾ ಕಾರ್ಯಕರ್ತೆ. ಮಲ ಕಪ್ಪಗಾಗುತ್ತದೆ ಎಂದು ಮೊದಲೇ ಹೇಳದಿದ್ದರೆ ಹುಡುಗಿಯರು ಗಾಬರಿಬಿದ್ದು ಮಾತ್ರೆಯನ್ನು ತಿಪ್ಪೆಗೆ ಎಸೆಯುತ್ತಾರೆ ಎಂದು ತರಬೇತಿಯಲ್ಲಿ ಕಲಿಸಿದ್ದರು. ಅದು ನಿಜವೂ ಹೌದು. ಆ ಮಾತು ನನ್ನ ಬಾಯಿಗೆ ಎಷ್ಟು ರೂಢಿಯಾಗಿತ್ತೆಂದರೆ, ಹೋದ ವರ್ಷ ಅದನ್ನು ನನಗೆ ನಾನೇ ಹೇಳಿಕೊಂಡೆ, ನಮ್ಮ ಹಿಂದಿನ ಬೀದಿಯ ನಿಂಗಮ್ಮನಿಗೂ ಹೇಳಿದೆ. ಆಗ ಇಬ್ಬರ ಹೊಟ್ಟೆಯಲ್ಲೂ ಹುಣ್ಣಾಗಿ ರಕ್ತ ಸೋರುತ್ತಿತ್ತು ಎಂದು ಈಗ ಅನ್ನಿಸುತ್ತದೆ. ನನ್ನದು ಖಚಿತ, ಕೊಯ್ದು ನೋಡಿದ್ದಾರೆ. ಅವಳದನ್ನು ಯಾರೂ ನೋಡಲಿಲ್ಲ.

ಎಲ್ಲ ಶುರುವಾದದ್ದು ಹಿಮ್ಮಡಿ ನೋವಿನಿಂದ. ಬೆಳಿಗ್ಗೆ ಎದ್ದು ಕಾಲೂರಿದರೆ ಮೊಳೆ ತುಳಿದ ಹಾಗಾಗುತ್ತಿತ್ತು. ಆದರೆ ನನ್ನ ಕೆಲಸ ನಡೆಯುವ ಕೆಲಸ. ಪ್ರತಿ ಮಂಗಳವಾರ ಹಲಗೂರಿನಲ್ಲಿ ಮೀಟಿಂಗ್ ಮುಗಿಸಿ ಬಸ್ಸಿಗೆ ಕಾಯುವಾಗ ಔಷಧದ ಅಂಗಡಿಯಲ್ಲಿ "ನೋವಿಗೆ ಕೊಡಿ" ಎಂದರೆ ಸಾಕು, ಬಿಳಿಯದೊಂದು ಹಳದಿಯದೊಂದು ಮಾತ್ರೆಯನ್ನು ವಾರಕ್ಕಾಗುವಷ್ಟು ಎಣಿಸಿ ಕಂದು ಕಾಗದದ ಪೊಟ್ಟಣಕ್ಕೆ ಹಾಕಿ ಕೊಡುತ್ತಿದ್ದರು. ಯಾವ ಡಾಕ್ಟರೂ ಬರೆದುಕೊಟ್ಟದ್ದಲ್ಲ. ಊರಿನವರು ಹೀಗೆ ಮಾತ್ರೆ ನುಂಗಿದರೆ ನಾನು ಜಗಳ ಮಾಡುತ್ತಿದ್ದೆ, ಡಾಕ್ಟರಿಗೆ ತೋರಿಸದೆ ಏನೂ ತಗೋಬೇಡಿ ಎಂದು ಬೈಯುತ್ತಿದ್ದೆ. ನನ್ನ ವಿಷಯಕ್ಕೆ ಬಂದಾಗ ನಾನು ಎಲ್ಲ ತಿಳಿದವಳು.

ನಿಂಗಮ್ಮ ನನಗೆ ವರಸೆಯಲ್ಲಿ ಅತ್ತೆಯಾಗಬೇಕು. ನಾನು ನಿಂಗತ್ತೆ ಎನ್ನುತ್ತಿದ್ದೆ. ಅರವತ್ತರ ಹತ್ತಿರದ ಹೆಂಗಸು, ಮಗ ಮಹೇಶ, ಸೊಸೆ ಪವಿತ್ರ ಜೊತೆಗಿದ್ದರೂ ರೇಷ್ಮೆ ಹುಳದ ಮನೆಯನ್ನು ಯಾರ ಕೈಗೂ ಬಿಟ್ಟವಳಲ್ಲ. ಹೊತ್ತು ಹೊತ್ತಿಗೆ ಸೊಪ್ಪು ಹಾಕಿ, ತಟ್ಟೆ ಎತ್ತಿ ಇಳಿಸಿ ಮಂಡಿ ಸವೆದುಹೋಗಿತ್ತು. ನನ್ನ ಪೊಟ್ಟಣ ನೋಡಿ ತನಗೂ ಒಂದು ತಂದುಕೊಡು ಎಂದಳು. ನಾನು ತಂದೆ. ಮುಂದಿನ ಮಂಗಳವಾರವೂ ತಂದೆ. ಯಾರದು ಯಾವುದೆಂದು ಕಲಸಿಹೋಗದಿರಲಿ ಎಂದು ಅವಳ ಪೊಟ್ಟಣದ ಮೇಲೆ ಪೆನ್ನಿನಲ್ಲಿ ಅವಳ ಹೆಸರು ಬರೆದು, ಅದರ ಕೆಳಗೆ ಬೆಳಿಗ್ಗೆ ಒಂದು, ರಾತ್ರಿ ಒಂದು ಎಂದೂ ಬರೆಯುತ್ತಿದ್ದೆ. ಅವಳಿಗೆ ಓದಲು ಬರುತ್ತಿರಲಿಲ್ಲ. ಆದರೂ ಬರೆಯುತ್ತಿದ್ದೆ, ದೊಡ್ಡ ಡಾಕ್ಟರಮ್ಮನ ಹಾಗೆ.

ಒಂದೂವರೆ ವರ್ಷ ಕಳೆಯುವ ಹೊತ್ತಿಗೆ ನನಗೆ ಎದೆಗುಂಡಿಗೆಯ ಕೆಳಗೆ ಉರಿ ಶುರುವಾಯಿತು. ಹೊಟ್ಟೆ ಖಾಲಿಯಿದ್ದಾಗ ಹಿಂಡುವುದು, ಒಂದು ಮುದ್ದೆ ಉಂಡರೆ ಇಳಿಯುವುದು. ನಮ್ಮ ಕಡೆ ಹೊಟ್ಟೆಯ ಯಾವ ಕಾಯಿಲೆಗೂ ಒಂದೇ ಹೆಸರು, ಗ್ಯಾಸ್ಟ್ರಿಕ್ಕು. ನಾನೂ ಅದನ್ನೇ ಅಂದುಕೊಂಡು ಉಪ್ಸಾರಿಗೆ ಖಾರ ಕಡಿಮೆ ಮಾಡಿದೆ. ಆಮೇಲೆ ಸುಸ್ತು ಬಂತು. ನಾಲ್ಕು ಮನೆ ತಿರುಗಿದರೆ ಐದನೆಯ ಮನೆಯ ಜಗಲಿಯಲ್ಲಿ ಕೂರಬೇಕಾಗುತ್ತಿತ್ತು. ಆರೋಗ್ಯ ಕೇಂದ್ರದಲ್ಲಿ ಸಿಸ್ಟರ್ ರಕ್ತ ನೋಡಿ, ಹಿಮೋಗ್ಲೋಬಿನ್ ಎಂಟಕ್ಕಿಳಿದಿದೆ, ಡಾಕ್ಟರಿಗೆ ತೋರಿಸಿ, ಅಲ್ಲಿಯವರೆಗೆ ಐರನ್ ತಗೊಳ್ಳಿ ಎಂದರು. ಮಾತ್ರೆ ತಗೊಂಡೆ. ಡಾಕ್ಟರಿಗೆ ತೋರಿಸುವುದನ್ನು ಮುಂದಿನ ವಾರಕ್ಕೆ, ಮತ್ತೆ ಮುಂದಿನ ವಾರಕ್ಕೆ ಹಾಕಿದೆ. ರಕ್ತ ಎಲ್ಲಿಗೆ ಹೋಗುತ್ತಿದೆ ಎಂದು ಯೋಚಿಸಲೇ ಇಲ್ಲ. ಮುಟ್ಟು ನಿಲ್ಲುವ ವಯಸ್ಸು, ಹೀಗೇ ಆಗುತ್ತದೆ ಎಂದುಕೊಂಡೆ. ನಿಂಗತ್ತೆಯೂ ಬಿಳಿಚಿಕೊಂಡಿದ್ದಳು. ನನ್ನ ಬಳಿ ಮಿಕ್ಕಿದ್ದ ಐರನ್ ಶೀಟುಗಳಲ್ಲಿ ಎರಡನ್ನು ಅವಳಿಗೂ ಕೊಟ್ಟೆ.

ಹತ್ತು ದಿನಕ್ಕೆ ನನಗೆ ಕಪ್ಪಗೆ ಹೋಗತೊಡಗಿತು. ನಾನು ಹೆದರಲಿಲ್ಲ. ಹೆದರಬೇಡಿ ಎಂದು ಊರಿಗೆಲ್ಲ ಹೇಳಿದವಳು ನಾನೇ ಹೆದರುವುದೆಂದರೇನು?

ಅದೇ ವಾರ ನಿಂಗತ್ತೆ ನನ್ನನ್ನು ಬಚ್ಚಲ ಮರೆಗೆ ಕರೆದು, ಹೇಳಲು ನಾಚಿಕೆಪಟ್ಟುಕೊಂಡು ಹೇಳಿದಳು.

"ಎಲ್ಡ್ ಚೊಂಬು ನೀರ್ ಉಯ್ದ್ರೂ ಓಗಕಿಲ್ಲ ಕಣ್ ಮಗ. ಡಾಂಬರ್ ಅಂಗೆ ಅಂಟ್ಕತದೆ. ನಾತ ಬ್ಯಾರೆ."

ಅವತ್ತು ನನಗೆ ಎರಡು ಮನೆಯ ಸರ್ವೆ ಬಾಕಿಯಿತ್ತು. ನಿಂತಲ್ಲೇ ಹೇಳಿದೆ, ನಾನು ಕೊಟ್ಟ ಮಾತ್ರೆ ಕಣತ್ತೆ, ಅದು ಹಂಗೇ, ನಂಗೂ ಹಂಗೇ ಹೋಗ್ತಿದೆ ಎಂದು. ಅವಳ ಮುಖ ಸಡಿಲವಾಯಿತು. ನನಗೂ ಹಾಗೇ ಎಂದದ್ದೇ ಅವಳಿಗೆ ಧೈರ್ಯ ಕೊಟ್ಟಿತು.

ಆಮೇಲಿನ ಗುರುವಾರ ಅಂಗನವಾಡಿಯಲ್ಲಿ ಮಕ್ಕಳಿಗೆ ಲಸಿಕೆ. ಕೂಸುಗಳನ್ನೆತ್ತಿಕೊಂಡ ತಾಯಂದಿರು ಬಾಗಿಲ ತನಕ ಕೂತಿದ್ದರು. ನಾನು ಪಟ್ಟಿ ಹಿಡಿದು ಹೆಸರು ಕೂಗುತ್ತಿದ್ದೆ. ಏಳನೆಯದೋ ಎಂಟನೆಯದೋ ಹೆಸರು ಕೂಗುವಾಗ ಅಕ್ಷರ ಕಾಣಲಿಲ್ಲ. ಬೆವರು ಕಿತ್ತುಕೊಂಡು ಬಂತು. ಗೋಡೆ ಹಿಡಿದು ಹೊರಗೆ ಹೋಗಿ ತೊಟ್ಟಿಯ ಪಕ್ಕ ಬಗ್ಗಿದೆ. ಕಾಫಿ ಚರಟದಂಥದ್ದು ಮೊದಲು, ಅದರ ಹಿಂದೆ ಕೆಂಪು ರಕ್ತ. ಒಂದು ಕೂಸು ಅಳುತ್ತಿದ್ದುದು ಕೇಳಿಸುತ್ತಿತ್ತು. ಆ ಅಳು ದೂರ ಹೋದದ್ದು ನೆನಪಿದೆ, ನಾನು ಬಿದ್ದದ್ದು ನೆನಪಿಲ್ಲ.

ಎಷ್ಟೋ ಹೆರಿಗೆಗಳಿಗೆ ಫೋನು ಮಾಡಿ ಕರೆಸಿದ ಆಂಬುಲೆನ್ಸಿಗೆ ಅವತ್ತು ನನ್ನನ್ನೇ ಹತ್ತಿಸಿದರು. ಮಳವಳ್ಳಿ ಆಸ್ಪತ್ರೆಯಲ್ಲಿ ಎರಡೂ ಕೈಗೆ ಗ್ಲೂಕೋಸ್ ಏರಿಸಿ, ಇಲ್ಲಾಗುವುದಿಲ್ಲ, ತಡ ಮಾಡದೆ ಮಂಡ್ಯಕ್ಕೆ ಹೋಗಿ ಎಂದರು. ನನ್ನ ಯಜಮಾನರು ಕೆಂಪರಾಜು ಗದ್ದೆಯಿಂದ ಕೆಸರುಗಾಲಲ್ಲೇ ಬಂದಿದ್ದರು. ಚಪ್ಪಲಿಯೂ ಇರಲಿಲ್ಲ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ನಾಲ್ಕು ಜನರೆದುರು ನನ್ನ ಕೈ ಹಿಡಿದವರಲ್ಲ, ಮಳವಳ್ಳಿ ಬಿಟ್ಟ ಮೇಲೆ ಹಿಡಿದ ಕೈ ಬಿಡಲಿಲ್ಲ. ಮದ್ದೂರು ಪೇಟೆಯೊಳಗೆ ವಾಹನ ನಿಧಾನವಾದಾಗ ಹಿಂದಿನ ಗಾಜಿನಲ್ಲಿ ಜನ ಕಂಡರು. ತರಕಾರಿ ಚೀಲ ಹಿಡಿದವರು, ವಡೆ ಪೊಟ್ಟಣ ಹಿಡಿದು ಬಸ್ಸಿನ ಹಿಂದೆ ಓಡುವವರು. ಇವರೆಲ್ಲ ಸಂಜೆ ಮನೆ ಸೇರುತ್ತಾರೆ, ನಾನು ಸೇರುವುದಿಲ್ಲ ಎಂದು ಖಂಡಿತವಾಗಿ ಅನ್ನಿಸಿತು. ಅವರ ಮೇಲೆ ಹೊಟ್ಟೆಕಿಚ್ಚಾಯಿತು. ಹೇಳಿಕೊಳ್ಳಲು ನಾಚಿಕೆಯಾದರೂ ನನಗೆ ಆಗ ದೇವರು ನೆನಪಾಗಲಿಲ್ಲ, ಹೊಟ್ಟೆಕಿಚ್ಚಾಯಿತು.

ಮಂಡ್ಯದಲ್ಲಿ ಬಾಯಿಯೊಳಗೆ ಕೊಳವೆ ಇಳಿಸಿ ನೋಡಿದರು. ಎಂಡೋಸ್ಕೋಪಿ ಎನ್ನುತ್ತಾರೆ. ಅದರ ವಿವರ ಬರೆದು ನಿಮ್ಮನ್ನು ಹೆದರಿಸುವುದಿಲ್ಲ. ಗಂಟಲಲ್ಲಿ ಅದು ಇರುವಷ್ಟು ಹೊತ್ತು ಒಬ್ಬ ನರ್ಸಮ್ಮ ನನ್ನ ತಲೆ ಸವರುತ್ತಾ, "ಆಯ್ತು, ಇನ್ನೊಂಚೂರು, ಆಯ್ತು" ಎಂದು ಹೇಳುತ್ತಲೇ ಇದ್ದರು. ಅವರ ಮುಖ ನಾನು ನೋಡಲಿಲ್ಲ, ದನಿಯಷ್ಟೇ ಗೊತ್ತು. ಜಠರ ದಾಟಿ ಸಣ್ಣ ಕರುಳು ಶುರುವಾಗುವ ಕಡೆ ಹುಣ್ಣಿತ್ತು. ಅದರ ತಳದ ರಕ್ತನಾಳ ಬಾಯಿಬಿಟ್ಟಿತ್ತು. ಸೂಜಿಮದ್ದು ಕೊಟ್ಟು, ಕ್ಲಿಪ್ ಹಾಕಿ ನಿಲ್ಲಿಸಿದ್ದೇವೆ, ಮತ್ತೆ ಶುರುವಾಗದಿದ್ದರೆ ಸಾಕು ಎಂದರು.

ಶುಕ್ರವಾರ ಬೆಳಿಗ್ಗೆ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಹಾಸಿಗೆ ಪಕ್ಕ ಬಂದು ಕೇಳುತ್ತಾ ಹೋದರು. ನೋವಿನ ಮಾತ್ರೆ ತಗೊಳ್ತಿದ್ರಾ ಎಂದಾಗ, ಯಾವಾಗಲೋ ಒಂದೊಂದು ಎಂದೆ. ಸುಳ್ಳು. ಸಾವಿನ ಬಾಗಿಲಲ್ಲಿ ಮಲಗಿ ಮರ್ಯಾದೆ ಕಾಪಾಡಿಕೊಳ್ಳುತ್ತಿದ್ದೆ. ಆಶಾ ಕಾರ್ಯಕರ್ತೆಯೇ ಹೀಗಾ ಎನ್ನುತ್ತಾರಲ್ಲ ಎಂಬುದೇ ಭಯ. ಮಲ ಕಪ್ಪಗಿತ್ತಾ ಎಂದರು. ಐರನ್ ಮಾತ್ರೆಗೆ ಹಾಗಾಗುತ್ತದಲ್ಲ ಮೇಡಂ ಎಂದೆ, ಅವರಿಗೇ ಪಾಠ ಹೇಳುವ ಹಾಗೆ. ಅವರು ನಗಲಿಲ್ಲ, ಬೈಯಲೂ ಇಲ್ಲ.

"ಐರನ್‌ದು ಕಪ್ಪಗಿದ್ರೂ ಸುಮ್ಮನೆ ಕಪ್ಪಗಿರುತ್ತೆ ಅಮ್ಮ. ರಕ್ತದ್ದು ಟಾರಿನ ಥರ ಅಂಟುತ್ತೆ, ಕೆಟ್ಟ ವಾಸನೆ ಇರುತ್ತೆ. ನಿಮ್ಮದು ನೀರು ಹಾಕಿದ್ರೆ ಹೋಗ್ತಿತ್ತಾ?"

ಎರಡು ಚೊಂಬು. ನನಗೆ ನನ್ನದು ನೆನಪಾಗಲಿಲ್ಲ, ನಿಂಗತ್ತೆಯ ಮಾತು ನೆನಪಾಯಿತು. ಡಾಂಬರ್, ನಾತ, ಎರಡು ಚೊಂಬು. ಓದು ಬಾರದ ಹೆಂಗಸು ಡಾಕ್ಟರು ಕೇಳಬೇಕಾದ ಮೂರನ್ನೂ ಕೇಳುವ ಮೊದಲೇ ನನ್ನ ಕೈಗೆ ಕೊಟ್ಟಿದ್ದಳು.

ಆಗ ಡಾಕ್ಟರಮ್ಮನಿಗೆ ನಿಜ ಹೇಳಿದೆ. ಎರಡು ವರ್ಷದಿಂದ, ದಿನಕ್ಕೆ ಎರಡು ಹೊತ್ತು. ಅವರು ಬರೆದುಕೊಂಡು ಹೋದ ಮೇಲೆ ಯಜಮಾನರನ್ನು ಹತ್ತಿರ ಕರೆದೆ. ನಿಂಗತ್ತೆಗೆ ಈಗಲೇ ಫೋನು ಮಾಡಿ, ಆ ಪೊಟ್ಟಣದ ಮಾತ್ರೆ ಬಿಡಲಿ, ಇವತ್ತೇ ಮಳವಳ್ಳಿ ಆಸ್ಪತ್ರೆಗೆ ಕರೆದುಕೊಂಡು ಹೋಗಲು ಮಹೇಶನಿಗೆ ಹೇಳಿ, ಅವಳಿಗೂ ಇದೇ ಆಗಿರಬಹುದು ಎಂದೆ. ಎರಡು ಸಲ ಹೇಳಿಸಿದೆ. ಅವರು ತಲೆಯಾಡಿಸಿ ಆಯ್ತು ಎಂದರು. ಅವರ ಫೋನು ಚಾರ್ಜಿಲ್ಲದೆ ಸತ್ತುಹೋಗಿತ್ತು, ಹೊರಗೆ ಹೋಗಿ ಮಾಡುತ್ತೇನೆ ಎಂದರು. ನಾನು ನೆಮ್ಮದಿಯಾಗಿ ಕಣ್ಣು ಮುಚ್ಚಿದೆ. ಆ ಕಾಯಿಲೆಯಲ್ಲಿ ನನಗೆ ಸಿಕ್ಕಿದ ಒಂದೇ ಒಂದು ಒಳ್ಳೆಯ ನಿದ್ದೆ ಅದು.

ಶನಿವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಮತ್ತೆ ರಕ್ತ ಬಂತು. ಈ ಸಲ ಕೆಳಗೂ ಮೇಲೂ. ನರ್ಸಮ್ಮ ಬಿಪಿ ಹೇಳಿದ್ದು ಕೇಳಿ ನನಗೇ ಅರ್ಥವಾಯಿತು, ಅಷ್ಟು ಕೆಲಸ ಗೊತ್ತು ನನಗೆ. ಮತ್ತೆ ಕೊಳವೆ ಹಾಕಿದರು, ಈ ಸಲ ನಿಲ್ಲಲಿಲ್ಲ. ಹೊಟ್ಟೆ ಕೊಯ್ದು ನಾಳಕ್ಕೆ ಹೊಲಿಗೆ ಹಾಕದೆ ಬೇರೆ ದಾರಿಯಿಲ್ಲ ಎಂದು ದೊಡ್ಡ ಡಾಕ್ಟರು ಯಜಮಾನರಿಗೆ ಹೇಳಿ ಕಾಗದದ ಮೇಲೆ ಸಹಿ ಹಾಕಿಸಿಕೊಂಡರು.

ಒಳಗೆ ನಡೆದದ್ದು ನನಗೆ ಗೊತ್ತಿಲ್ಲ. ಹೊರಗೆ ನಡೆದದ್ದನ್ನು ನನ್ನಕ್ಕ ಜಯಮ್ಮ ಹೇಳಿದಳು. ಅವಳ ಮನೆ ಗುತ್ತಲಿನಲ್ಲಿ, ಆಸ್ಪತ್ರೆಗೆ ಆಟೋದಲ್ಲಿ ಹತ್ತು ನಿಮಿಷ. ಕಾಯುವ ಜಾಗದ ಬೆಂಚಿನ ಮೇಲೆ ಕೂರಲಾಗದೆ ನೆಲದ ಮೇಲೆ ಕೂತಿದ್ದಳಂತೆ. ಪಕ್ಕದಲ್ಲಿ ಹೊಳಲಿನ ಒಬ್ಬ ಮುದುಕಮ್ಮ, ಮಗನ ಆಪರೇಷನ್ನಿಗೆ ಕಾಯುತ್ತಿದ್ದವಳು, ತನ್ನ ಬುತ್ತಿಯ ಅನ್ನದಲ್ಲಿ ಅರ್ಧ ಅಕ್ಕನ ಮುಂದಿಟ್ಟು ಉಣ್ಣು ಎಂದಳಂತೆ. ಅಕ್ಕ ಬೇಡವೆಂದದ್ದಕ್ಕೆ, "ನೀ ಉಪಾಸ ಇದ್ರೆ ಅವ್ಳು ಎದ್ ಬಂದಾಳಾ? ಉಣ್ಣವ್ವ" ಎಂದು ಗದರಿದಳಂತೆ. ಇಬ್ಬರೂ ಒಂದೇ ಡಬ್ಬಿಯಲ್ಲಿ ಉಂಡರು. ಆ ಮುದುಕಮ್ಮನ ಹೆಸರು ಅಕ್ಕ ಕೇಳಲಿಲ್ಲ. ಮಗ ಏನಾದನೋ ಅದೂ ಗೊತ್ತಿಲ್ಲ.

ಯಜಮಾನರು ರಕ್ತಕ್ಕಾಗಿ ಓಡುತ್ತಿದ್ದರು. ನನಗೆ ಹಾಕಿದ್ದಷ್ಟನ್ನು ರಕ್ತನಿಧಿಗೆ ಮರಳಿ ತುಂಬಿಸಬೇಕಲ್ಲ. ಅಕ್ಕನ ಮನೆಯಲ್ಲಿ ಚಾರ್ಜ್ ಮಾಡಿದ ಫೋನಿನಿಂದ ಊರಿಗೆ ಹೇಳಿದರು. ಆರು ಜನ ಗೂಡ್ಸ್ ಆಟೋ ಮಾಡಿಕೊಂಡು ಬಂದರು. ಯಾರನ್ನೂ ಎರಡು ಸಲ ಕರೆಯಲಿಲ್ಲವಂತೆ. ಬಂದವರಲ್ಲಿ ಮೂರು ಜನರ ಹೆಂಡತಿಯರ ಹೆರಿಗೆಗೆ ನಾನು ಜೊತೆ ಹೋಗಿದ್ದೆ. ಆರನೆಯವನು ನಿಂಗತ್ತೆಯ ಮಗ ಮಹೇಶ.

ಎರಡೂವರೆ ಗಂಟೆಯ ನಂತರ ನನ್ನನ್ನು ಹೊರಗೆ ತಂದರು. ಮೂಗಿನಲ್ಲಿ ಒಂದು ಕೊಳವೆ, ಹೊಟ್ಟೆಯ ಪಕ್ಕದಲ್ಲಿ ಒಂದು, ಕೆಳಗೆ ಒಂದು. ಎದೆಯ ಕೆಳಗಿನಿಂದ ಹೊಕ್ಕುಳ ದಾಟಿ ಹೊಲಿಗೆ. ಕೆಮ್ಮಿದರೆ ಆ ಹೊಲಿಗೆ ಎರಡಾಗಿ ಬಿಚ್ಚಿಕೊಳ್ಳುತ್ತದೆ ಎನ್ನಿಸುತ್ತಿತ್ತು, ಅದಕ್ಕೆ ಅಕ್ಕ ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿಯುತ್ತಿದ್ದಳು. ಐದು ದಿನ ಬಾಯಿಗೆ ನೀರಿಲ್ಲ. ಹತ್ತಿ ಒದ್ದೆ ಮಾಡಿ ತುಟಿಗೆ ಸವರುತ್ತಿದ್ದರು. ಆರನೆಯ ದಿನ ಒಂದು ಚಮಚ ನೀರು ಕುಡಿದಾಗ ಅದು ಗಂಟಲಿನಿಂದ ಇಳಿಯುತ್ತಾ ಹೋದ ದಾರಿಯೆಲ್ಲ ನನಗೆ ಗೊತ್ತಾಯಿತು.

ಈ ಬರಹ ಓದುತ್ತಿರುವವರಲ್ಲಿ ಯಾರಾದರೂ ಹೀಗೆ ಮಲಗಿದ್ದರೆ, ಅಥವಾ ಮಲಗಿದವರ ಪಕ್ಕ ಕೂತಿದ್ದರೆ, ಒಂದು ಮಾತು ಹೇಳುತ್ತೇನೆ. ಬದುಕಿದೆ ಎಂದು ಗೊತ್ತಾದ ಕೂಡಲೇ ಸಂತೋಷವಾಗುವುದಿಲ್ಲ. ನನಗಂತೂ ಆಗಲಿಲ್ಲ. ಅಳು ಬರುತ್ತಿತ್ತು, ಅಕ್ಕನ ಮೇಲೆ ರೇಗುತ್ತಿದ್ದೆ, ಪಕ್ಕದ ಹಾಸಿಗೆಯವಳ ನೆಂಟರು ಜೋರಾಗಿ ಮಾತಾಡಿದರೆ ಎದ್ದು ಹೊಡೆಯೋಣ ಎನ್ನಿಸುತ್ತಿತ್ತು. ಶೌಚಕ್ಕೆ ಹೋದರೆ, ಏನು ಬಣ್ಣ ಕಾಣುತ್ತದೋ ಎಂದು ಕಣ್ಣು ಮುಚ್ಚಿಕೊಂಡು ಕೂರುತ್ತಿದ್ದೆ. ಈಗಲೂ ನೋಡದೆ ಬರಲಾಗುವುದಿಲ್ಲ, ನೋಡಲೂ ಧೈರ್ಯವಿಲ್ಲ. ನಿಮಗೂ ಹೀಗಾದರೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ಇದೂ ಕಾಯಿಲೆಯದೇ ಭಾಗ.

ಮಾತಾಡಲು ಶಕ್ತಿ ಬಂದ ದಿನವೇ ನಿಂಗತ್ತೆ ಹೇಗಿದ್ದಾಳೆ ಎಂದು ಕೇಳಿದೆ. ಯಜಮಾನರು ಕಿಟಕಿ ಕಡೆ ನೋಡುತ್ತಾ, ಚೆನ್ನಾಗವಳೆ ಬುಡು, ನಿನ್ನ ನೋಡ್ಕೊ ಎಂದರು. ಆಸ್ಪತ್ರೆಗೆ ತೋರಿಸಿದರಾ ಎಂದರೆ ಹೂಂ ಎಂದರು. ಮಾತ್ರೆ ಬಿಟ್ಟಳಾ ಎಂದರೆ, ಬುಟ್ಟವಳೆ ಎಂದರು. ಅವರು ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ. ನಾನು ಗಮನಿಸಬೇಕಿತ್ತು. ಆದರೆ ನನಗೆ ಆಗ ನಂಬುವುದು ಬೇಕಾಗಿತ್ತು.

ಆಸ್ಪತ್ರೆಯಿಂದ ಬಿಟ್ಟ ಮೇಲೆ ಗುತ್ತಲಿನ ಅಕ್ಕನ ಮನೆಯಲ್ಲಿ ಹದಿನೈದು ದಿನ ಇದ್ದೆ. ಊರಿನಿಂದ ದಿನಾ ಫೋನು ಬರುತ್ತಿತ್ತು. ಹಾಲಿನ ಡೇರಿಯವರು, ಅಂಗನವಾಡಿ ಟೀಚರು, ನನ್ನ ಜೊತೆ ಸದಾ ಜಗಳವಾಡುವ ಓರಗಿತ್ತಿ ಕೂಡ ಮಾಡಿದಳು. ನಿಂಗತ್ತೆ ಮಾತ್ರ ಮಾಡಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಯಜಮಾನರು ಎಳನೀರು ಹಿಡಿದುಕೊಂಡು ಬಂದರು. ಮಹೇಶನ ನಂಬರಿಗೆ ಮಾಡಿಕೊಡಿ, ನಾನೇ ಮಾತಾಡುತ್ತೇನೆ ಎಂದೆ. ಅವರು ಎಳನೀರಿಗೆ ಕತ್ತಿ ಹಾಕುತ್ತಿದ್ದವರು ಕೈ ನಿಲ್ಲಿಸಿದರು. ಅಕ್ಕ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಳು. ಅಷ್ಟರಲ್ಲೇ ನನಗೆ ತಿಳಿದುಹೋಯಿತು.

ನನ್ನ ಆಪರೇಷನ್ ಆದ ಮಾರನೆಯ ದಿನ, ಬೆಳಿಗ್ಗೆ ಹುಳಕ್ಕೆ ಸೊಪ್ಪು ಹಾಕಿ ಬಂದವಳು ಬಚ್ಚಲಿಗೆ ಹೋಗಿ ಅಲ್ಲೇ ಬಿದ್ದಳಂತೆ. ಮಳವಳ್ಳಿ ತಲುಪುವ ಮೊದಲೇ ಹೋಗಿದ್ದಳು. ಎದೆ ನಿಂತಿದೆ ಎಂದರು. ಊರಿನವರೂ ಹಾರ್ಟು ಎಂದೇ ಹೇಳಿ ಮಣ್ಣು ಮಾಡಿದರು.

ಶುಕ್ರವಾರ ಫೋನು ಮಾಡಿದಿರಾ ಎಂದು ಕೇಳಿದೆ.

"ಮಾಡ್ನಿಲ್ಲ ಕಣಮ್ಮಿ. ಸಂಜೀಕ್ ಮಾಡವ ಅಂದ್ಕಂಡೆ. ಮಾರ್ನೆ ದಿನ ನಿನ್ ರಕ್ತುಕ್ ಓಡಾಡ್ತಾ ಎಲ್ಲ ಮರ್ತೋಯ್ತು. ಮಹೇಸ ನನ್ ಮುಂದೇನೇ ಕೈ ಚಾಚ್ಕಂಡ್ ಮನಗಿದ್ದ. ಆಗ್ಲೂ ಗ್ಯಾನ ಬರ್ನಿಲ್ಲ."

ಇಷ್ಟು ಹೇಳಿ ಅವರು ಕತ್ತಿ ಕೆಳಗಿಟ್ಟು ಹೊರಗೆ ಹೋದರು. ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ನನ್ನ ಜೀವ ಉಳಿಸಲು ಓಡಿದವರು. ಪೊಟ್ಟಣ ತಂದುಕೊಟ್ಟವಳು ನಾನು, ಹೆದರಬೇಡ ಎಂದವಳು ನಾನು. ಮಹೇಶ ಅವತ್ತು ತಾಯಿಯನ್ನು ಬಿಟ್ಟು ಅರವತ್ತು ಕಿಲೋಮೀಟರ್ ದೂರ ಬಂದು ನನಗೆಂದು ರಕ್ತ ಕೊಟ್ಟು ಹೋದ. ಅವನು ಕೊಟ್ಟದ್ದನ್ನು ನನಗೇ ಹಾಕಿದರೋ ಬೇರೆ ಯಾರಿಗೋ, ಗೊತ್ತಿಲ್ಲ. ಕೇಳುವುದೂ ಇಲ್ಲ.

ಊರಿಗೆ ಬಂದ ಮೇಲೆ ನಾಲ್ಕು ದಿನ ಹಿಂದಿನ ಬೀದಿಗೆ ಹೋಗಲಿಲ್ಲ. ನೋಡಲು ಬಂದವರಿಗೆಲ್ಲ ಹೊಲಿಗೆ ತೋರಿಸುತ್ತಾ ಕೂತಿದ್ದೆ. ಐದನೆಯ ದಿನ ಹೊಟ್ಟೆಗೆ ಬೆಲ್ಟು ಕಟ್ಟಿಕೊಂಡು, ಒಬ್ಬಳೇ, ಗೋಡೆ ಹಿಡಿದುಕೊಂಡು ಹೊರಟೆ. ಐವತ್ತು ಹೆಜ್ಜೆಯ ದಾರಿಯಲ್ಲಿ ಎರಡು ಕಡೆ ಕೂತೆ. ಅವರು ಬಾಗಿಲು ಹಾಕಿಕೊಂಡರೆ ವಾಪಸ್ ಬರುವುದು ಎಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ಬಾಗಿಲು ಹಾಕಿಕೊಳ್ಳಲಿ ಎಂದೇ ಆಸೆಯಿತ್ತು.

ಪವಿತ್ರ ಬಾಗಿಲಲ್ಲೇ ಇದ್ದಳು. ಐದು ತಿಂಗಳ ಬಸುರಿ, ಹೊಟ್ಟೆ ಕಾಣುತ್ತಿತ್ತು. ಒಳಗೆ ಕರೆದು ಚಾಪೆ ಹಾಸಿದಳು, ಕಾಫಿ ಆಗದೆಂದು ತಾನೇ ನೆನಪಿಟ್ಟುಕೊಂಡು ಹಾಲು ಕೊಟ್ಟಳು. ಹುಳದ ಮನೆಯಲ್ಲಿ ತಟ್ಟೆಗಳು ತೊಳೆದು ಕವುಚಿದ್ದವು, ಹೊಸ ಮೊಟ್ಟೆ ತಂದಿರಲಿಲ್ಲ. ನಾನು ಏನು ಹೇಳಬೇಕೆಂದು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದೆನೋ ಅದೆಲ್ಲ ಮರೆತುಹೋಯಿತು. ಅವಳೇ ಮಾತು ತೆಗೆದಳು.

"ನೀವ್ ಬಿದ್ದ ದಿಸದಿಂದ ಅತ್ತೆ ಸರ್ಯಾಗ್ ಉಣ್ನಿಲ್ಲ ಕಣಕ್ಕ. ನಿಮ್ಗೂ ಆಸ್ಪತ್ರೆಗೆ ತೋರ್ಸವ ಬನ್ನಿ ಅಂದ್ರೆ, ಹುಳ ಹಣ್ಣಾಗೋ ಒತ್ತು, ಗೂಡು ಕಟ್ಟೋಗಂಟ ಆಗಕಿಲ್ಲ ಅಂದ್ರು. ಅಮೇಕೆ, ಸುನಂದ ಬರ್ಲಿ, ಅವ್ಳ ಕೇಳವ ಅಂದ್ರು."

ಸುನಂದ ಬರಲಿ. ನಾನು ಮಂಡ್ಯದಲ್ಲಿ ಅವಳಿಗೆ ಸುದ್ದಿ ಮುಟ್ಟಿದೆ ಎಂದು ನಿದ್ದೆ ಮಾಡುತ್ತಿದ್ದಾಗ ಅವಳು ಇಲ್ಲಿ ನನ್ನ ದಾರಿ ಕಾಯುತ್ತಿದ್ದಳು.

ನಾನು ಎಲ್ಲ ಹೇಳಿದೆ. ಆ ಮಾತ್ರೆಯಿಂದ ನನಗೆ ಹುಣ್ಣಾಯಿತು, ನಿಮ್ಮತ್ತೆಗೂ ಆಗಿದ್ದಿರಬೇಕು, ಅವಳು ನನ್ನ ಹತ್ತಿರ ಸರಿಯಾಗಿಯೇ ಹೇಳಿದ್ದಳು, ನಾನು ಕೇಳಿಸಿಕೊಳ್ಳದೆ ತಪ್ಪು ಹೇಳಿ ಕಳಿಸಿದೆ ಎಂದೆ. ಬೈಯಲಿ ಎಂದು ಕಾದೆ. ಪವಿತ್ರ ತಲೆ ತಗ್ಗಿಸಿ ಸೆರಗಿನ ಅಂಚು ಸುತ್ತುತ್ತಾ ಕೂತಿದ್ದಳು.

"ನಂಗೊತ್ತು. ನೀವ್ ಯಾವ್ದ್ರಿಂದ ಆಸ್ಪತ್ರೆ ಸೇರುದ್ರಿ ಅಂತ ಗೊತ್ತಾದಾಗ್ಲೇ ಗೊತ್ತಾಯ್ತು. ಇವ್ರಿಗೆ ಹೇಳಿಲ್ಲ." ನನ್ನ ಮುಖ ನೋಡದೆ ಕೇಳಿದಳು. "ನಂಗೂ ಕಪ್ಪಗೆ ಓಯ್ತದೆ ಕಣಕ್ಕ. ಎಂಟು ದಿನಾಯ್ತು. ಬ್ಯಾರೆ ಯಾರ್ನ ಕೇಳ್ಲಿ? ಈಗಾದ್ರೂ ಸರ್ಯಾಗಿ ಹೇಳಿ."

ಹದಿನಾಲ್ಕು ವರ್ಷದ ಮಾತು ನಾಲಿಗೆಯ ತುದಿಯಲ್ಲಿತ್ತು, ಅದನ್ನು ನುಂಗಿದೆ. ಮನೆಯಲ್ಲಿರುವ ಮಾತ್ರೆಯನ್ನೆಲ್ಲ ತಾ ಎಂದೆ. ಅವಳು ಗೋಡೆಯ ಗೂಡಿನಿಂದ ಒಂದು ಡಬ್ಬ ತಂದು ಚಾಪೆಯ ಮೇಲೆ ಸುರಿದಳು. ಐರನ್ ಶೀಟು, ಕ್ಯಾಲ್ಸಿಯಂ, ಜ್ವರದ ಮಾತ್ರೆ. ಕೊನೆಗೆ ಕಂದು ಪೊಟ್ಟಣ. ಅದರ ಮೇಲೆ ನನ್ನದೇ ಅಕ್ಷರ, ಗುಂಡಗೆ, ಚೆಂದವಾಗಿ. ನಿಂಗಮ್ಮ. ಬೆಳಿಗ್ಗೆ ಒಂದು, ರಾತ್ರಿ ಒಂದು. ಒಳಗೆ ಬಿಳಿಯದು ಮೂರು, ಹಳದಿಯದು ಮೂರು ಉಳಿದಿದ್ದವು.

ಇದರಲ್ಲಿ ನೀನೇನಾದರೂ ತಗೊಂಡೆಯಾ ಎಂದೆ. ಇಲ್ಲ, ಸತ್ತವರ ಮಾತ್ರೆ ಎಂದು ಮುಟ್ಟಿಲ್ಲ ಎಂದಳು. ಹೊಟ್ಟೆ ಉರಿಯುತ್ತದಾ, ಅಂಟುತ್ತದಾ, ನಾತ ಇದೆಯಾ ಎಂದೆಲ್ಲ ಒಂದೊಂದಾಗಿ ಕೇಳಿದೆ. ಪ್ರತಿಯೊಂದಕ್ಕೂ ಇಲ್ಲ ಎಂದಳು. ಕೆಳರೆಪ್ಪೆ ಎಳೆದು ನೋಡಿದೆ, ಕೆಂಪಗಿತ್ತು. ಆದರೂ ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಮಳವಳ್ಳಿಗೆ ಹೋಗೋಣ, ರಕ್ತ ನೋಡಿಸೋಣ, ನಾನೂ ಬರುತ್ತೇನೆ ಎಂದೆ. ಒಂದು ಪ್ರಶ್ನೆ ಮಾತ್ರ ಉಳಿದಿತ್ತು. ಅದನ್ನು ಕೇಳಲು ನನಗೆ ಹೆದರಿಕೆಯಾಗಿತ್ತು.

ಎಷ್ಟು ನೀರು ಹಾಕಬೇಕಾಗುತ್ತದೆ ಎಂದು ಕೇಳಿದೆ.

ಪವಿತ್ರ ಯೋಚಿಸಿದಳು. "ಒಂದ್ ಚೊಂಬು ಕಣಕ್ಕ," ಎಂದಳು, "ಒಂದ್ ಚೊಂಬ್ಗೇ ಓಯ್ತದೆ."

ನಾನು ಆ ಪೊಟ್ಟಣವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಹೊಲಿಗೆಯನ್ನು ಒತ್ತಿಕೊಂಡು, ನಿಂಗತ್ತೆಯ ಮನೆಯ ನಡುವೆ ಜೋರಾಗಿ ಅತ್ತುಬಿಟ್ಟೆ.